ಪರದೆಯ ಚಿತ್ರಕ್ಕೆ ನಮ್ಮ ಮಾತು
ಕಂಪ್ಯೂಟರಿನಲ್ಲಿ ಸಚಿತ್ರ ಧ್ವನಿಪಾಠ ತಯಾರಿಸುವ ಕ್ರಮ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಉದಾಹರಣೆಯೊಂದಿಗೆ

ಬೆಳೆಗಾರರ ಕಾಗದಪತ್ರಗಳು ಒಂದೊಂದಾಗಿ ಕಂಪ್ಯೂಟರಿನ ಪರದೆಗೆ ಬಂದು ನಿಂತಿವೆ. ಪಹಣಿ, ಬೆಳೆ ಸಮೀಕ್ಷೆ, ಬೆಳೆ ವಿಮೆ, ಬೆಂಬಲ ಬೆಲೆಗೆ ಹೆಸರು ನೋಂದಾಯಿಸುವುದು ಮುಂತಾದವುಗಳೆಲ್ಲ ಈಗ ಪರದೆಯ ಮೇಲೆ ನಡೆಯುವ ಕೆಲಸಗಳು. ಇವನ್ನು ಸ್ವತಃ ನೋಡಿಕೊಳ್ಳಬಲ್ಲ ಸದಸ್ಯನಿಗೆ ಅನುಕೂಲವೇ ಆಗಿದೆ. ನೋಡಲು ಬಾರದವನು ಮಾತ್ರ ಪ್ರತಿಸಲವೂ ಇನ್ನೊಬ್ಬರ ಮುಂದೆ ನಿಲ್ಲಬೇಕು, ಹಣ ಕೊಡಬೇಕು. ಅಷ್ಟೇ ಅಲ್ಲ, ಮೊಬೈಲನ್ನೇ ಅವರ ಕೈಗೆ ಕೊಟ್ಟು ಅದಕ್ಕೆ ಬರುವ ಗುಪ್ತ ಸಂಖ್ಯೆಯನ್ನೂ ಹೇಳಬೇಕಾಗುತ್ತದೆ. ಪಹಣಿಯ ಬೆಳೆ ಕಾಲಂನಲ್ಲಿ ಅಡಿಕೆಯ ಬದಲು ಬೇರೆ ಬೆಳೆ ದಾಖಲಾಗಿದ್ದರೆ ವಿಮೆಯ ಹಣಕ್ಕೆ ತೊಡಕು. ಕಡಲೆ ಬೆಳೆದವನ ಉತಾರದಲ್ಲಿ ಜೋಳವೆಂದಿದ್ದರೆ ಖರೀದಿ ಕೇಂದ್ರದಲ್ಲಿ ತೊಡಕು. ಕಾಲಕ್ಕೆ ಸರಿಯಾಗಿ ತಾನೇ ನೋಡಿಕೊಂಡವನು ಅರ್ಜಿ ಕೊಟ್ಟು ತಿದ್ದಿಸಿಕೊಳ್ಳುವ ಪ್ರಯತ್ನವನ್ನಾದರೂ ಮಾಡಬಹುದು.

ಆದ್ದರಿಂದ, ಬಲ್ಲವರು ಬಾರದವರಿಗೆ ಕಲಿಸುವ ಕೆಲಸ ಸಹಕಾರಿ ಸಂಘಗಳ ಕರ್ತವ್ಯಗಳಲ್ಲಿ ಒಂದಾಗಿದೆ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದಾಗ ಕೊರತೆಯಾಗಿದ್ದುದು ಹಣ. ಇಂದು ಅದರ ಜೊತೆಗೆ ತಿಳಿವಳಿಕೆಯ ಕೊರತೆಯೂ ಸೇರಿದೆ. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಸಂಘದ ಮೇಜಿನ ಮೇಲೆ ಕಂಪ್ಯೂಟರ್ ಇದ್ದರೆ ಅದರಿಂದ ಲೆಕ್ಕ ಬರೆಯುವುದಷ್ಟೇ ಅಲ್ಲದೆ ಸದಸ್ಯರಿಗೆ ಪಾಠಗಳನ್ನೂ ತಯಾರಿಸಬಹುದು. ಪರದೆಯ ಮೇಲೆ ಕಾಣುವುದನ್ನು ಚಿತ್ರವಾಗಿ ಹಿಡಿದು, ಅದಕ್ಕೆ ನಮ್ಮ ಮಾತನ್ನು ಜೋಡಿಸಿ, ಸದಸ್ಯರ ಮೊಬೈಲಿಗೆ ಕಳುಹಿಸುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಿದ್ದೇವೆ.

ಈ ನಾಲ್ಕು ತಾಲೂಕುಗಳೇ ಏಕೆ?

ಅಡಿಕೆ, ಕಾಫಿಯ ಪತ್ರಿಕೆಯಲ್ಲಿ ಬಯಲುಸೀಮೆಯ ಉದಾಹರಣೆ ಏಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. 2000ನೇ ಇಸವಿಯಲ್ಲಿ ಆರಂಭವಾದ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಸೇರಿದವು. ತೋಟದವನಿಗೂ ಹೊಲದವನಿಗೂ ಪರದೆಯ ಪುಟ ಒಂದೇ. ಆದರೆ ಆಡುವ ಮಾತು ಒಂದೇ ಅಲ್ಲ. ಮಲೆನಾಡು, ಕರಾವಳಿಗಳಲ್ಲಿ ನಾವು ಪಹಣಿ ಎನ್ನುವುದನ್ನು ಬೈಲಹೊಂಗಲದ ರೈತ ಉತಾರ ಎನ್ನುತ್ತಾನೆ. ಬೆಳಗಾವಿ ಜಿಲ್ಲೆ ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಉತಾರ, ಬೋಜಾ, ವಾರಸಾ ಎಂಬ ಪದಗಳು ಅಲ್ಲಿ ಬೇರೂರಿವೆ. ಉತಾರದಲ್ಲಿ ದಾಖಲಾದ ಸಾಲಕ್ಕೆ ಅಲ್ಲಿ ಬೋಜಾ ಎಂದೇ ಹೆಸರು. ಶಿರಸಿಯ ಕಡೆಯವರು ತಮ್ಮ ಮಾತಿನಲ್ಲಿ ಮುದ್ರಿಸಿದ ಪಾಠವನ್ನು ರಾಮದುರ್ಗದ ರೈತನಿಗೆ ಕಳುಹಿಸಿದರೆ ಮೊದಲ ಪದದಲ್ಲಿಯೇ ಆತ ನಿಂತುಬಿಡುತ್ತಾನೆ. ಅಲ್ಲಿಯ ಪಾಠ ನಮ್ಮ ಕಡೆಗೆ ಬಂದರೂ ಅಷ್ಟೇ.

ಚಿತ್ರ ಎಲ್ಲರಿಗೂ ಒಂದೇ ಆಗಿರಬಹುದು, ಮಾತು ಮಾತ್ರ ಕೇಳುವವನದೇ ಆಗಿರಬೇಕು. ಆದ್ದರಿಂದ ಚಿತ್ರವನ್ನೂ ಮಾತನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ ಕೊನೆಗೆ ಜೋಡಿಸಬೇಕು. ಈ ಪಾಠದ ಮುಖ್ಯ ಸೂತ್ರ ಇದೇ.

ಮುಂಬಯಿಯ ಒಂದು ಮಾದರಿ

ಪರದೆಯ ಮೇಲಿನ ಕೆಲಸವನ್ನು ಮಾತಿನ ಸಮೇತ ಮುದ್ರಿಸುವುದು ಹೊಸದಲ್ಲ. 1990ರ ದಶಕದಲ್ಲಿಯೇ ಲೋಟಸ್ ಕಂಪನಿಯ ಸ್ಕ್ರೀನ್‌ಕ್ಯಾಮ್ ಎಂಬ ತಂತ್ರಾಂಶ ಬಂದಿತ್ತು. 2004ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಉಡೆಲ್ ಇಂಥ ಮುದ್ರಿಕೆಗೆ ಹೆಸರು ಸೂಚಿಸಿರೆಂದು ಓದುಗರನ್ನು ಕೇಳಿದಾಗ ‘ಸ್ಕ್ರೀನ್‌ಕಾಸ್ಟ್’ ಎಂಬ ಹೆಸರು ಬಳಕೆಗೆ ಬಂತು.

ನಮ್ಮ ದೇಶದ ಮಟ್ಟಿಗೆ ಮುಂಬಯಿಯ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ಮುಂದಾಳತ್ವದಲ್ಲಿ ನಡೆದ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಗಮನಿಸತಕ್ಕದ್ದು. ಕಂಪ್ಯೂಟರ್ ತಂತ್ರಾಂಶಗಳನ್ನು ಶಿಕ್ಷಕರಿಲ್ಲದೆಯೂ ಕಲಿಯುವಂತೆ ಮಾಡುವುದು ಇದರ ಉದ್ದೇಶ. ಅದರ ಕ್ರಮದಲ್ಲಿ ನಾವು ಅನುಸರಿಸಬೇಕಾದ ನಾಲ್ಕು ಸಂಗತಿಗಳಿವೆ. ಮೊದಲನೆಯದು, ಒಂದು ಪಾಠ ಸುಮಾರು 10 ನಿಮಿಷ ಮಾತ್ರ. ಎರಡನೆಯದು, ಮುದ್ರಣಕ್ಕೆ ಮೊದಲು ಎರಡು ಕಾಲಂಗಳ ಬರವಣಿಗೆ. ಒಂದರಲ್ಲಿ ಪರದೆಯ ಮೇಲೆ ಕಾಣುವುದು, ಇನ್ನೊಂದರಲ್ಲಿ ಆಡುವ ಮಾತು. ಮೂರನೆಯದು, ವಿಷಯ ತಿಳಿಯದ ಹೊಸಬರಿಂದ ಪರೀಕ್ಷೆ. ನಾಲ್ಕನೆಯದು, ಪರದೆಯ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು ಮಾತನ್ನು ಮಾತ್ರ ಕನ್ನಡವೂ ಸೇರಿದಂತೆ ಅನೇಕ ಭಾರತೀಯ ಭಾಷೆಗಳಿಗೆ ಬದಲಾಯಿಸುವುದು. ಕಲಿಯುವವನು ಪರದೆಯ ಒಂದು ಬದಿಯಲ್ಲಿ ಪಾಠವನ್ನು ನಡೆಸಿ, ಇನ್ನೊಂದು ಬದಿಯಲ್ಲಿ ತಾನೂ ಅದನ್ನೇ ಮಾಡುತ್ತ ಹೋಗುತ್ತಾನೆ.

ಭಾಷೆ ಬದಲಿಸುವಂತೆ ಸೀಮೆಯ ಮಾತನ್ನೂ ಬದಲಿಸಬಹುದು. ಬೈಲಹೊಂಗಲಕ್ಕೆ ಒಂದು ಮಾತು, ಶಿರಸಿಗೆ ಒಂದು ಮಾತು, ಚಿತ್ರಗಳು ಮಾತ್ರ ಅವೇ.

ನಿಂತ ಚಿತ್ರವೋ, ಚಲಿಸುವ ಚಿತ್ರವೋ?

ಪರದೆಯ ಪಾಠವನ್ನು ಎರಡು ವಿಧವಾಗಿ ಮಾಡಬಹುದು. ಪರದೆಯ ಮೇಲೆ ನಡೆಯುವುದನ್ನೆಲ್ಲ ಚಲಚ್ಚಿತ್ರದಂತೆ ಮುದ್ರಿಸುವುದು ಒಂದು ವಿಧ. ಹಂತಕ್ಕೊಂದರಂತೆ ನಿಂತ ಚಿತ್ರಗಳನ್ನು ಹಿಡಿದು ಒಂದೊಂದಕ್ಕೂ ಮಾತು ಕೂಡಿಸುವುದು ಇನ್ನೊಂದು. ಹೊಸದಾಗಿ ಆರಂಭಿಸುವ ಸಂಘಗಳಿಗೆ ಎರಡನೆಯದನ್ನೇ ನಾವು ಶಿಫಾರಸು ಮಾಡುತ್ತೇವೆ. ಕಾರಣಗಳು ಹೀಗಿವೆ:

ಅ) ಸರಕಾರದ ಪುಟಗಳು ಆಗಾಗ ರೂಪ ಬದಲಿಸುತ್ತವೆ. ನಿಂತ ಚಿತ್ರಗಳಾದರೆ ಬದಲಾದ ಒಂದು ಚಿತ್ರವನ್ನೂ ಅದರ ಮಾತನ್ನೂ ತೆಗೆದು ಹೊಸದನ್ನು ಹಾಕಿದರೆ ಮುಗಿಯಿತು.

ಆ) ಇಂಟರ್‌ನೆಟ್ ನಿಧಾನವಿದ್ದಾಗ ಪುಟ ತೆರೆಯಲು ಕಾಯುವ ಹೊತ್ತು ಪಾಠದಲ್ಲಿ ಸೇರುವುದಿಲ್ಲ.

ಇ) ಓದು ನಿಧಾನವಿರುವ ಸದಸ್ಯನಿಗೆ ನಿಂತ ಚಿತ್ರ ನೋಡಲು ಸಮಯ ಸಿಗುತ್ತದೆ. ಓಡುವ ಬಾಣದ ಗುರುತನ್ನು ಕಣ್ಣಿನಿಂದ ಬೆನ್ನಟ್ಟುವ ಕಷ್ಟವಿಲ್ಲ.

ಈ) ಯಾರದೋ ಹೆಸರು, ನಂಬರು ಅಚಾನಕ್ಕಾಗಿ ಮುದ್ರಣವಾಗುವ ಅಪಾಯ ಕಡಿಮೆ.

ಮೊದಲು ಬರವಣಿಗೆ

ಮೈಕಿನ ಮುಂದೆ ಕುಳಿತು ಬಾಯಿಗೆ ಬಂದಂತೆ ಹೇಳಿದರೆ ಆಗುವುದಿಲ್ಲ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದಂದಿನಿಂದ ಈ ಭಾಗದ ಜನರಿಗೆ ತಮ್ಮ ನಾಡಿನ ಮಾತನ್ನು ರೇಡಿಯೋದಲ್ಲಿ ಕೇಳಿ ರೂಢಿಯಿದೆ. ಕಿವಿಗೆ ಸರಾಗವಾಗಿ ಬೀಳುವ ಮಾತಿನ ಹಿಂದೆ ಬಹುಮಟ್ಟಿಗೆ ಬರವಣಿಗೆಯ ಸಿದ್ಧತೆ ಇರುತ್ತದೆ.

ನಿಮಿಷಕ್ಕೆ 80ರಿಂದ 90 ಪದಗಳಂತೆ ಲೆಕ್ಕ ಹಾಕಿರಿ. 5 ನಿಮಿಷದ ಪಾಠಕ್ಕೆ 400 ಪದ, 10ರಿಂದ 12 ಚಿತ್ರ ಸಾಕು. ಒಂದು ಪಾಠದಲ್ಲಿ ಒಂದೇ ಕೆಲಸ ಇರಲಿ. ಉತಾರ ನೋಡುವುದು ಒಂದು ಪಾಠ. ಅದರಲ್ಲಿನ ಬೋಜಾ ಓದಿ ತಿಳಿಯುವುದು ಇನ್ನೊಂದು ಪಾಠ.

ಉತಾರ ನೋಡುವ ಪಾಠದ ಬರವಣಿಗೆ ಈ ನಾಲ್ಕು ತಾಲೂಕುಗಳಿಗೆ ಹೀಗಿರಬಹುದು:

ಚಿತ್ರ 1 (ಪಾಠದ ಹೆಸರು): “ನಮಸ್ಕಾರ್ರಿ. ನಿಮ್ಮ ಹೊಲದ ಉತಾರ ಕಂಪ್ಯೂಟರದಾಗ ಹೆಂಗ ನೋಡೂದು ಅನ್ನೂದನ್ನ ಈಗ ಹೇಳ್ತೀವ್ರಿ. ಸರ್ವೆ ನಂಬರ್ ಬರದ ಚೀಟಿ ಕೈಯಾಗ ಇಟಗೊಂಡು ಕುಂದರ್ರಿ.”

ಚಿತ್ರ 2 (ಜಿಲ್ಲೆಯ ಪಟ್ಟಿ): “ಜಿಲ್ಲಾ ಅಂತ ಐತಲ್ರಿ, ಅದರ ಬಾಜೂಕ ಸಣ್ಣ ಬಾಣದ ಗುರ್ತ ಐತಿ. ಅದನ್ನ ಒತ್ರಿ. ಪಟ್ಟಿ ಬಿಚ್ಚತೈತಿ. ಅದರಾಗ ಬೆಳಗಾವಿ ಆರಿಸ್ರಿ.”

ಚಿತ್ರ 3 (ತಾಲೂಕಿನ ಪಟ್ಟಿ): “ಈಗ ತಾಲೂಕು. ಸವದತ್ತಿ ಸಿಗಲಿಲ್ಲಂದ್ರ ಸೌಂದತ್ತಿ ಅಂತ ಐತೇನು ನೋಡ್ರಿ. ಎರಡೂ ಒಂದ ಊರು. ಕಿತ್ತೂರ ಕಡೆಯವ್ರು ಕಿತ್ತೂರ ತಾಲೂಕಿನಾಗ ನೋಡ್ರಿ. ಅಲ್ಲಿ ನಿಮ್ಮ ಊರ ಹೆಸರು ಕಾಣಲಿಲ್ಲಂದ್ರ ಬೈಲಹೊಂಗಲದಾಗ ನೋಡ್ರಿ.”

ಚಿತ್ರ 4 (ಹೋಬಳಿ, ಗ್ರಾಮ): “ಇದ ರೀತಿ ಹೋಬಳಿ ಆರಿಸ್ರಿ, ಆಮ್ಯಾಲ ನಿಮ್ಮ ಊರು ಆರಿಸ್ರಿ. ಇಲ್ಲಿಗೆ ಪಾಠ ನಿಂದರಸ್ರಿ. ನೀವೂ ಇಷ್ಟು ಮಾಡಿ ಮುಗಸ್ರಿ, ಆಮ್ಯಾಲ ಮುಂದ ಹೋಗೂಣು.”

ಚಿತ್ರ 5 (ಸರ್ವೆ ನಂಬರ್): “ಚೀಟಿಯಾಗಿನ ಸರ್ವೆ ನಂಬರ್ ಅಷ್ಟ ಬರೀರಿ. ನಂಬರದ ಮುಂದ ಅಡ್ಡಗೆರಿ ಹಾಕಿ ಹಿಸ್ಸಾ ಬರದಿದ್ರ ಅದನ್ನ ಇಲ್ಲಿ ಹಾಕಬ್ಯಾಡ್ರಿ. ಅದಕ್ಕ ಮುಂದ ಬ್ಯಾರೆ ಜಾಗಾ ಐತಿ.”

ಚಿತ್ರ 6 (ಸರ್ನೋಕ್, ಹಿಸ್ಸಾ): “ಇಲ್ಲಿ ಒಂದು ನಕ್ಷತ್ರದ ಗುರ್ತ ಅಷ್ಟ ಕಾಣಬಹುದ್ರಿ. ಗಾಬರಿ ಆಗಬ್ಯಾಡ್ರಿ, ತಪ್ಪಾಗಿಲ್ಲ. ಅದನ್ನ ಒತ್ತಿ ಮುಂದ ನಡೀರಿ.”

ಈ ಬರವಣಿಗೆಯಲ್ಲಿ ಕೆಲವು ಅಂಶಗಳನ್ನು ಗಮನಿಸಬೇಕು. ಪರದೆಯ ಮೇಲೆ ಬರೆದಿರುವ ಪದವನ್ನು ಇದ್ದಂತೆಯೇ ಹೇಳಿ, ಎಲ್ಲಿ ಕಾಣುತ್ತದೆ ಎಂದು ತೋರಿಸಿ, ಅನಂತರ ಒತ್ತುವಂತೆ ಹೇಳಲಾಗಿದೆ. ‘ಇದನ್ನು ಒತ್ತಿರಿ, ಅದನ್ನು ಒತ್ತಿರಿ’ ಎಂದಷ್ಟೇ ಹೇಳಿದರೆ ಕೇಳುವವನಿಗೆ ಯಾವುದು ಇದು, ಯಾವುದು ಅದು ಎಂದು ತಿಳಿಯುವುದಿಲ್ಲ. ಎರಡನೆಯದಾಗಿ, ಜನ ಎಲ್ಲಿ ಎಡವುತ್ತಾರೋ ಅಲ್ಲಿ ಹೆಚ್ಚು ಮಾತು ಬಳಸಲಾಗಿದೆ. ಸವದತ್ತಿಗೆ ಸೌಂದತ್ತಿ ಎಂಬ ರೂಪವೂ ಇದೆ. ಕಿತ್ತೂರು ಪ್ರತ್ಯೇಕ ತಾಲೂಕಾಗುವ ಮುನ್ನ ಬೈಲಹೊಂಗಲಕ್ಕೆ ಸೇರಿತ್ತು. ಹಿರಿಯರ ನೆನಪಿನಲ್ಲಿ ಇನ್ನೂ ಹಾಗೆಯೇ ಇದೆ. ಸರ್ನೋಕ್ ಎಂಬಲ್ಲಿ ಬರಿಯ ನಕ್ಷತ್ರ ಕಂಡವರು ಏನೋ ಕೆಟ್ಟಿತೆಂದು ಪುಟವನ್ನೇ ಮುಚ್ಚಿಬಿಡುವುದುಂಟು. ಇಂಥ ಮುಳ್ಳುಗಳನ್ನು ತೆಗೆಯದ ಪಾಠ ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ. ಮೂರನೆಯದಾಗಿ, ನಡುವೆ ನಿಲ್ಲಿಸಿ ಮಾಡಿನೋಡಲು ಹೇಳಲಾಗಿದೆ. ಕೇಳಿದ್ದು ಮರೆತುಹೋಗಬಹುದು, ಕೈಯಿಂದ ಮಾಡಿದ್ದು ಉಳಿಯುತ್ತದೆ.

ಪರದೆಯ ಚಿತ್ರ ಹಿಡಿಯುವುದು

ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ವಿಂಡೋಸ್ ಕೀಲಿ, ಶಿಫ್ಟ್ ಮತ್ತು ಎಸ್ ಈ ಮೂರನ್ನೂ ಕೂಡಿಸಿ ಒತ್ತಿದರೆ ಪರದೆ ಮಸುಕಾಗುತ್ತದೆ. ಬೇಕಾದ ಭಾಗವನ್ನು ಮೌಸಿನಿಂದ ಚೌಕವಾಗಿ ಎಳೆದರೆ ಅಷ್ಟೇ ಚಿತ್ರವಾಗುತ್ತದೆ. ಅದನ್ನು ಪೇಂಟ್ ತಂತ್ರಾಂಶದಲ್ಲಿ ಅಂಟಿಸಿ 01, 02, 03 ಎಂದು ಅನುಕ್ರಮವಾಗಿ ಹೆಸರಿಟ್ಟು ಉಳಿಸಿಕೊಳ್ಳಬೇಕು.

ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಪಾಠ ನೋಡುವುದು ಮೊಬೈಲಿನಲ್ಲಿ ಎಂಬುದನ್ನು ಮರೆಯಬಾರದು. ಕಂಪ್ಯೂಟರಿನ ಇಡೀ ಪರದೆಯನ್ನು ಹಿಡಿದರೆ ಮೊಬೈಲಿನಲ್ಲಿ ಅಕ್ಷರಗಳು ಸಾಸಿವೆ ಕಾಳಿನಷ್ಟಾಗುತ್ತವೆ. ಚಿತ್ರ ಹಿಡಿಯುವ ಮೊದಲು ಕಂಟ್ರೋಲ್ ಕೀಲಿಯೊಂದಿಗೆ ಕೂಡಿಸು ಗುರುತನ್ನು ಒತ್ತಿ ಪುಟವನ್ನು 150 ಪ್ರತಿಶತಕ್ಕೆ ಹಿಗ್ಗಿಸಿರಿ. ಅಗತ್ಯವಿರುವ ಭಾಗವನ್ನು ಮಾತ್ರ ಹಿಡಿಯಿರಿ. ಒತ್ತಬೇಕಾದ ಜಾಗಕ್ಕೆ ಪೇಂಟಿನಲ್ಲಿ ಕೆಂಪು ಚೌಕ ಹಾಕಿರಿ. ಒಂದು ಚಿತ್ರದಲ್ಲಿ ಒಂದೇ ಚೌಕವಿರಲಿ.

ಮುಚ್ಚಿಡಬೇಕಾದದ್ದು

ಈ ಭಾಗವನ್ನು ಸಂಘದ ಕಾರ್ಯದರ್ಶಿಗಳು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ. ಪಾಠ ಒಮ್ಮೆ ಮೊಬೈಲಿನಿಂದ ಮೊಬೈಲಿಗೆ ಹೊರಟಿತೆಂದರೆ ಹಿಂದಕ್ಕೆ ಕರೆಸಿಕೊಳ್ಳಲು ಸಾಧ್ಯವಿಲ್ಲ. ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ, ಗುಪ್ತ ಸಂಖ್ಯೆ ಇವು ಯಾವ ಚಿತ್ರದಲ್ಲಿಯೂ ಇರಬಾರದು. ಉದಾಹರಣೆಗಾಗಿ ಯಾರದಾದರೂ ಉತಾರ ತೋರಿಸುವುದಿದ್ದರೆ ಅವರ ಒಪ್ಪಿಗೆ ಪಡೆದು, ಹೆಸರನ್ನೂ ಸರ್ವೆ ನಂಬರನ್ನೂ ಮುಚ್ಚಬೇಕು.

ಮುಚ್ಚುವುದಕ್ಕೂ ಕ್ರಮವಿದೆ. ಪವರ್‌ಪಾಯಿಂಟಿನಲ್ಲಿ ಚಿತ್ರದ ಮೇಲೆ ಕಪ್ಪು ಚೌಕ ಇಟ್ಟು ಆ ಕಡತವನ್ನೇ ಕಳುಹಿಸಿದರೆ, ಪಡೆದವರು ಚೌಕವನ್ನು ಪಕ್ಕಕ್ಕೆ ಸರಿಸಿ ಕೆಳಗಿರುವುದನ್ನು ಓದಬಹುದು. ಅಲ್ಲಿ ಚಿತ್ರದ ಅಂಚು ಕತ್ತರಿಸಿದರೂ ಕತ್ತರಿಸಿದ ಭಾಗ ಕಡತದೊಳಗೆ ಉಳಿದಿರುತ್ತದೆ. ಆದ್ದರಿಂದ ಪೇಂಟಿನಲ್ಲಿಯೇ ಕಪ್ಪು ಬಣ್ಣ ತುಂಬಿ, ಉಳಿಸಿ, ಆಮೇಲೆ ಜೋಡಣೆಗೆ ತೆಗೆದುಕೊಳ್ಳಬೇಕು. ಚಿತ್ರ ಹಿಡಿಯುವಾಗ ವಾಟ್ಸಾಪ್, ಮಿಂಚಂಚೆಗಳನ್ನು ಮುಚ್ಚಿಡಿ. ಮೂಲೆಯಲ್ಲಿ ಇಣುಕುವ ಒಂದು ಸಂದೇಶದಲ್ಲಿಯೇ ಯಾರದೋ ಮನೆಯ ವಿಷಯ ಊರಿಗೆಲ್ಲ ತಿಳಿಯಬಹುದು.

ಗುಪ್ತ ಸಂಖ್ಯೆ ಬರುವ ಹಂತ ಪಾಠದಲ್ಲಿದ್ದರೆ ಮಾತಿನಲ್ಲಿ ಸ್ಪಷ್ಟವಾಗಿ ಎಚ್ಚರಿಸಬೇಕು: “ಈ ನಂಬರ್ ನೀವ ಓದ್ರಿ, ನೀವ ಬರೀರಿ. ಯಾರ ಕೇಳಿದ್ರೂ ಹೇಳಬ್ಯಾಡ್ರಿ. ನಮ್ಮ ಸಂಘದವ್ರು ಅಂತ ಹೇಳಿ ಫೋನ್ ಮಾಡಿದ್ರೂ ಹೇಳಬ್ಯಾಡ್ರಿ.”

ಧ್ವನಿಮುದ್ರಣ

ಇದಕ್ಕೆ ಬೆಲೆಬಾಳುವ ಮೈಕು ಬೇಕಿಲ್ಲ. ಮೊಬೈಲಿನ ಕಿವಿತಂತಿಯೊಂದಿಗೆ ಬರುವ ಸಣ್ಣ ಮೈಕು ಸಾಕು. ಮೊಬೈಲನ್ನೇ ಮುದ್ರಣ ಯಂತ್ರವಾಗಿ ಬಳಸಿ, ಧ್ವನಿಯ ಕಡತವನ್ನು ಕಂಪ್ಯೂಟರಿಗೆ ವರ್ಗಾಯಿಸಿಕೊಳ್ಳಲೂಬಹುದು. ಹಾಗೆ ಮಾಡುವಾಗ ಮಧ್ಯೆ ಕರೆ ಬಾರದಂತೆ ವಿಮಾನದ ಗುರುತಿನ ಗುಂಡಿಯನ್ನು ಒತ್ತಿಡಿ.

ಮೈಕಿಗಿಂತ ಕೋಣೆ ಮುಖ್ಯ. ಸಿಮೆಂಟಿನ ಬರಿಗೋಡೆಗಳ ಕೋಣೆಯಲ್ಲಿ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಧ್ವನಿ ಗೋಡೆಗೆ ಬಡಿದು ಮರಳಿ ಮೈಕಿಗೆ ಬರುವುದೇ ಇದಕ್ಕೆ ಕಾರಣ. ಮನೆಯಲ್ಲಿರುವ ಎರಡು ದಪ್ಪ ಕೌದಿಗಳನ್ನು ಮೈಕಿನ ಹಿಂದೆಯೂ ಮಾತಾಡುವವರ ಬೆನ್ನ ಹಿಂದೆಯೂ ತೂಗುಹಾಕಿದರೆ ಈ ದೋಷ ಬಹುಮಟ್ಟಿಗೆ ಹೋಗುತ್ತದೆ. ಅರಳೆಯ ಗಾದಿಯಾದರೂ ಆದೀತು. ಭತ್ತ, ಕಾಳುಗಳ ಚೀಲಗಳನ್ನು ಒಟ್ಟಿದ ಸಂಘದ ಉಗ್ರಾಣ ಬರಿಯ ಕಚೇರಿ ಕೋಣೆಗಿಂತ ಮೇಲು.

ಫ್ಯಾನು ನಿಲ್ಲಿಸಿರಿ. ಪಂಪು, ಹಿಟ್ಟಿನ ಗಿರಣಿ, ರಾಮದುರ್ಗದ ಕಡೆಯಾದರೆ ಮಗ್ಗದ ಸದ್ದು ಇವು ಆರಂಭವಾಗುವ ಮೊದಲೇ ಬೆಳಗಿನ ಹೊತ್ತು ಮುದ್ರಿಸುವುದು ಉತ್ತಮ. ತಗಡಿನ ಸೂರಿದ್ದರೆ ಮಳೆಯಲ್ಲಿ ಮುದ್ರಣ ಬೇಡವೇ ಬೇಡ.

ಮೈಕು ಬಾಯಿಂದ ಒಂದು ಗೇಣು ದೂರದಲ್ಲಿ, ನೇರವಾಗಿ ಅಲ್ಲದೆ ತುಸು ಪಕ್ಕಕ್ಕೆ ಇರಲಿ. ನೇರವಾಗಿದ್ದರೆ ಪ, ಫ, ಬ, ಭ ಅಕ್ಷರಗಳ ಉಸಿರು ಮೈಕಿಗೆ ಬಡಿದು ‘ಢಬ್’ ಎಂಬ ಸದ್ದು ಬರುತ್ತದೆ. ಕಿವಿತಂತಿಯ ಮೈಕು ಅಂಗಿಯ ಕಾಲರಿಗೆ ಉಜ್ಜದಂತೆ ನೋಡಿಕೊಳ್ಳಿರಿ.

ಮುದ್ರಣಕ್ಕೆ ಆಡಾಸಿಟಿ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಮೊನೊ ಎಂಬುದನ್ನು ಆರಿಸಿ, ಕೆಂಪು ಗುಂಡಿ ಒತ್ತಿ, ಮೊದಲ 5 ಸೆಕೆಂಡು ಸುಮ್ಮನಿರಿ. ಈ ಮೌನದಲ್ಲಿ ಕೋಣೆಯ ಸಣ್ಣ ಗುಂಯ್‌ಗುಡುವಿಕೆ ಮಾತ್ರ ದಾಖಲಾಗುತ್ತದೆ. ಮುಂದೆ ಆ ಮೌನದ ಭಾಗವನ್ನು ಗುರುತಿಸಿ, ಎಫೆಕ್ಟ್ ಪಟ್ಟಿಯ ನಾಯ್ಸ್ ರಿಡಕ್ಷನ್‌ಗೆ ಮಾದರಿಯಾಗಿ ಕೊಟ್ಟು, ಅನಂತರ ಇಡೀ ಮುದ್ರಿಕೆಗೆ ಅನ್ವಯಿಸಿದರೆ ಆ ಸದ್ದು ತಗ್ಗುತ್ತದೆ. ಅತಿಯಾಗಿ ಮಾಡಿದರೆ ಮಾತು ತಗಡಿನ ಡಬ್ಬಿಯಿಂದ ಬಂದಂತಾಗುತ್ತದೆ, ಆದ್ದರಿಂದ ಹದವಿರಲಿ. ಧ್ವನಿಯ ಮಟ್ಟ ತೋರಿಸುವ ಪಟ್ಟಿ ಮೈನಸ್ 12ರಿಂದ ಮೈನಸ್ 6ರ ನಡುವೆ ಆಡುತ್ತಿರಲಿ. ಸೊನ್ನೆ ಮುಟ್ಟಿದರೆ ಮಾತು ಒಡೆಯುತ್ತದೆ. ಒಡೆದ ಮಾತನ್ನು ಚೆನ್ನಾಗಿ ಸರಿಪಡಿಸುವುದು ಕಷ್ಟ.

ಒಂದೊಂದು ಚಿತ್ರದ ಮಾತನ್ನೂ ಬೇರೆ ಬೇರೆ ಕಡತವಾಗಿ, ಚಿತ್ರದ ಸಂಖ್ಯೆಯನ್ನೇ ಹೆಸರಾಗಿಟ್ಟು ಉಳಿಸಬೇಕು. ತಪ್ಪಾದರೆ ಆ ತುಣುಕನ್ನಷ್ಟೇ ಮತ್ತೆ ಮುದ್ರಿಸಬಹುದು. ವೇವ್ ರೂಪದ ಕಡತ ಮೊನೊದಲ್ಲಿ ನಿಮಿಷಕ್ಕೆ ಸುಮಾರು 5 ಎಂ.ಬಿ. ಜಾಗ ಹಿಡಿಯುತ್ತದೆ. 64 ಕಿಲೋಬಿಟ್‌ನ ಎಂ.ಪಿ.3 ಆದರೆ ಅರ್ಧ ಎಂ.ಬಿ. ಸಾಕು. ಮೂಲಪ್ರತಿಯನ್ನು ವೇವ್ ರೂಪದಲ್ಲಿ ಕಾಯ್ದಿಟ್ಟುಕೊಳ್ಳುವುದು ಒಳ್ಳೆಯದು.

ಮಾತು ಯಾರದಾಗಿರಬೇಕು? ನಮ್ಮ ಅಭಿಪ್ರಾಯದಲ್ಲಿ ಊರಿನವರದೇ ಆಗಿರಬೇಕು. ಕಾಲೇಜು ಓದುವ ಮಗಳು, ಸ್ವಸಹಾಯ ಸಂಘದ ಹೆಣ್ಣುಮಗಳು, ನಿವೃತ್ತ ಶಾಲಾ ಮಾಸ್ತರರು, ಯಾರಾದರೂ ಸರಿ. ಗ್ರಂಥದ ಕನ್ನಡ ಬೇಕಿಲ್ಲ. ‘ಆಯ್ಕೆಯನ್ನು ಕ್ಲಿಕ್ಕಿಸತಕ್ಕದ್ದು’ ಎನ್ನುವುದಕ್ಕಿಂತ ‘ಇದನ್ನ ಒತ್ರಿ’ ಎನ್ನುವುದು ಸವದತ್ತಿಯ ಅಜ್ಜನಿಗೂ ತಿಳಿಯುತ್ತದೆ.

ಜೋಡಣೆ

ಪವರ್‌ಪಾಯಿಂಟ್ ಇದ್ದವರು ಒಂದು ಪುಟಕ್ಕೆ ಒಂದು ಚಿತ್ರ ಸೇರಿಸಿ, ಇನ್ಸರ್ಟ್ ಪಟ್ಟಿಯ ಆಡಿಯೋ ಮೂಲಕ ಅದೇ ಸಂಖ್ಯೆಯ ಧ್ವನಿ ಕಡತವನ್ನು ಕೂಡಿಸಬೇಕು. ಧ್ವನಿ ತಾನಾಗಿಯೇ ಆರಂಭವಾಗುವಂತೆ ಆಟೊಮ್ಯಾಟಿಕ್ ಎಂಬುದನ್ನು ಆರಿಸಿರಿ. ಪುಟ ಬದಲಾಗುವ ಅವಧಿಯನ್ನು ಆ ಮಾತಿನ ಅವಧಿಗಿಂತ 2 ಸೆಕೆಂಡು ಹೆಚ್ಚಿಗೆ ಇಟ್ಟರೆ ಕೇಳುವವನಿಗೆ ಉಸಿರು ತಿರುಗಿಸಿಕೊಳ್ಳಲು ಸಮಯ ಸಿಗುತ್ತದೆ. ಕೊನೆಗೆ ಫೈಲ್ ಪಟ್ಟಿಯ ಎಕ್ಸ್‌ಪೋರ್ಟ್‌ನಲ್ಲಿ ವೀಡಿಯೋ ಆಗಿ ಪರಿವರ್ತಿಸಿರಿ. ಪವರ್‌ಪಾಯಿಂಟ್ ಇಲ್ಲದವರು ಓಪನ್‌ಶಾಟ್ ಎಂಬ ಉಚಿತ ತಂತ್ರಾಂಶದಲ್ಲಿ ಮೇಲಿನ ಸಾಲಿಗೆ ಚಿತ್ರಗಳನ್ನೂ ಕೆಳಗಿನ ಸಾಲಿಗೆ ಧ್ವನಿಯನ್ನೂ ಅನುಕ್ರಮವಾಗಿ ಇಟ್ಟು ಇದೇ ಫಲ ಪಡೆಯಬಹುದು.

ಬೈಲಹೊಂಗಲದ ಪಾಠ ಸಿದ್ಧವಾದ ಮೇಲೆ ಅದರ ಪ್ರತಿ ಮಾಡಿಕೊಂಡು, ಜಿಲ್ಲೆ ತಾಲೂಕುಗಳ ಎರಡು ಮೂರು ಚಿತ್ರಗಳನ್ನು ಬದಲಿಸಿ, ಧ್ವನಿಯ ಕಡತಗಳನ್ನಷ್ಟೇ ತೆಗೆದು ಮಲೆನಾಡಿನ ಮಾತಿನವನ್ನು ಹಾಕಿದರೆ ನಮ್ಮ ಪಾಠವೂ ಸಿದ್ಧ. ಹೀಗೆ ಒಂದು ಸಂಘದ ದುಡಿಮೆ ಇನ್ನೊಂದಕ್ಕೆ ಒದಗುತ್ತದೆ.

ಚಲಿಸುವ ಚಿತ್ರವೇ ಬೇಕಾದರೆ

ನಕ್ಷೆಯನ್ನು ಹಿಗ್ಗಿಸಿ ಎಳೆದು ತೋರಿಸುವಂಥ ಕೆಲಸಗಳಿಗೆ ನಿಂತ ಚಿತ್ರ ಸಾಲದು. ವಿಂಡೋಸ್ 11ರಲ್ಲಿ ಸ್ನಿಪ್ಪಿಂಗ್ ಟೂಲ್ ಎಂಬ ಒಳಗಿನ ಸಾಧನವೇ ಪರದೆಯ ವೀಡಿಯೋ ಮುದ್ರಿಸುತ್ತದೆ. ಹೆಚ್ಚಿನ ಅನುಕೂಲ ಬೇಕಾದವರಿಗೆ ಓ.ಬಿ.ಎಸ್. ಸ್ಟುಡಿಯೋ ಎಂಬ ಉಚಿತ ತಂತ್ರಾಂಶವಿದೆ. ವಿದ್ಯುತ್ ಯಾವಾಗ ಹೋಗುವುದೋ ಹೇಳಲಾಗದ ಕಡೆ ಒಂದು ಎಚ್ಚರ ಅಗತ್ಯ: ಸಾಮಾನ್ಯ ಎಂ.ಪಿ.4 ರೂಪದಲ್ಲಿ ಮುದ್ರಿಸುವಾಗ ನಡುವೆ ಕಂಪ್ಯೂಟರ್ ಆರಿಹೋದರೆ ಇಡೀ ಕಡತ ತೆರೆಯದಂತಾಗಬಹುದು. ಎಂ.ಕೆ.ವಿ. ರೂಪದಲ್ಲಿ ಮುದ್ರಿಸಿದರೆ ಅಲ್ಲಿಯವರೆಗಿನದು ಉಳಿಯುತ್ತದೆ. ಮುಗಿದ ಮೇಲೆ ಅದೇ ತಂತ್ರಾಂಶದ ರಿಮಕ್ಸ್ ಎಂಬ ಸೌಲಭ್ಯದಿಂದ ಎಂ.ಪಿ.4ಕ್ಕೆ ಬದಲಾಯಿಸಿಕೊಳ್ಳಬಹುದು. ಇಲ್ಲಿಯೂ ಪರದೆಯನ್ನು ಮೊದಲು ಮೌನವಾಗಿ ಮುದ್ರಿಸಿ, ಮಾತನ್ನು ಆಮೇಲೆ ಸೇರಿಸುವುದೇ ಮೇಲು.

ಪರೀಕ್ಷೆ ಮತ್ತು ಹಂಚಿಕೆ

ಪಾಠ ತಯಾರಿಸಿದವರು ಅದನ್ನು ಪರೀಕ್ಷಿಸಬಾರದು. ಎಂದೂ ಉತಾರವನ್ನು ಪರದೆಯ ಮೇಲೆ ನೋಡದ ಒಬ್ಬ ಸದಸ್ಯನನ್ನು ಕರೆದು, ಪಾಠ ಕೇಳಿಸಿ, ಅವನ ಕೈಯಿಂದಲೇ ಮಾಡಿಸಿರಿ. ನೀವು ಪಕ್ಕದಲ್ಲಿ ಕುಳಿತರೂ ಬಾಯಿ ಬಿಡಬೇಡಿರಿ. ಅವನು ಎಲ್ಲಿ ನಿಂತನೋ ಆ ಚಿತ್ರದ ಸಂಖ್ಯೆಯನ್ನು ಬರೆದುಕೊಂಡು ಅಲ್ಲಿಯ ಮಾತನ್ನು ತಿದ್ದಿರಿ. ಮೂರು ಜನ ತಡೆಯಿಲ್ಲದೆ ಮುಗಿಸಿದರೆ ಪಾಠ ಹಂಚಲು ಯೋಗ್ಯವಾಯಿತೆಂದು ತಿಳಿಯಬಹುದು.

ವಾಟ್ಸಾಪ್‌ನಲ್ಲಿ ವೀಡಿಯೋ ಎಂದು ಕಳುಹಿಸಿದರೆ ಅದು ಕಡತವನ್ನು ಕುಗ್ಗಿಸುವುದರಿಂದ ಅಕ್ಷರಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಇದ್ದಂತೆಯೇ ತಲಪುತ್ತದೆ. ಪಾಠದ ಮೊದಲ ಚಿತ್ರದಲ್ಲಿ ಸಂಘದ ಹೆಸರು ಮತ್ತು ತಯಾರಿಸಿದ ತಿಂಗಳು, ವರ್ಷ ಇರಲಿ. ಪುಟ ಬದಲಾದಾಗ ಹಳೆಯ ಪಾಠ ಯಾವುದು, ಹೊಸದು ಯಾವುದು ಎಂದು ಸದಸ್ಯರಿಗೆ ಗುರುತು ಸಿಗಬೇಕು.

ನೆನಪಿಡತಕ್ಕ ಅಂಶಗಳು

1. ಒಂದು ಪಾಠಕ್ಕೆ ಒಂದೇ ಕೆಲಸ. 5ರಿಂದ 10 ನಿಮಿಷ ಮೀರದಿರಲಿ.
2. ಮೊದಲು ಬರವಣಿಗೆ, ಆಮೇಲೆ ಚಿತ್ರ, ಕೊನೆಗೆ ಧ್ವನಿ.
3. ಚಿತ್ರಕ್ಕೊಂದು ಧ್ವನಿ ಕಡತ. ಎರಡಕ್ಕೂ ಒಂದೇ ಸಂಖ್ಯೆ.
4. ಮುಚ್ಚಬೇಕಾದ್ದನ್ನು ಜೋಡಣೆಗೆ ಮೊದಲೇ ಅಳಿಸಬೇಕು.
5. ಕೇಳುವವನ ಊರಿನ ಪದ ಬಳಸಬೇಕು: ಪಹಣಿಯವನಿಗೆ ಪಹಣಿ, ಉತಾರದವನಿಗೆ ಉತಾರ.
6. ಹೊಸಬನ ಪರೀಕ್ಷೆಯಿಲ್ಲದೆ ಹಂಚಬಾರದು.

ಒಂದು ಪಾಠಕ್ಕೆ ಆರಂಭದಲ್ಲಿ ಎರಡು ದಿನದ ದುಡಿಮೆ ಹಿಡಿಯಬಹುದು. ಕೈ ಪಳಗಿದ ಮೇಲೆ ಒಂದು ಮಧ್ಯಾಹ್ನ ಸಾಕು. ಒಮ್ಮೆ ಮಾಡಿದ್ದನ್ನು ನೂರು ಸದಸ್ಯರು ನೂರು ಸಲ ಕೇಳಬಹುದು. ನಾಲ್ಕು ಜನರ ಮುಂದೆ ಕೇಳಲು ಸಂಕೋಚಪಡುವ ಹಿರಿಯರು, ಮನೆಯಿಂದ ಹೊರಬರಲು ಬಿಡುವಿಲ್ಲದ ಹೆಣ್ಣುಮಕ್ಕಳು ತಮಗೆ ಬಿಡುವಾದಾಗ, ತಿಳಿಯದಿದ್ದಲ್ಲಿ ಹಿಂದಕ್ಕೆ ಸರಿಸಿ ಮತ್ತೆ ಕೇಳಬಹುದು. ತಮ್ಮ ಹೊಲ, ತೋಟದ ಕಾಗದವನ್ನು ತಾವೇ ತೆರೆದು ಓದಬಲ್ಲ ಸದಸ್ಯರು ಹೆಚ್ಚಿದಷ್ಟೂ ಸಂಘಕ್ಕೆ ಬಲ. ಆದ್ದರಿಂದ ಪ್ರತಿಯೊಂದು ಸಂಘವೂ ತನ್ನ ಸದಸ್ಯರು ಹೆಚ್ಚಾಗಿ ಎಡವುವ ಒಂದು ಕೆಲಸವನ್ನು ಆರಿಸಿಕೊಂಡು, ಈ ಹಂಗಾಮಿನಲ್ಲಿ ಒಂದು ಪಾಠವನ್ನಾದರೂ ತಯಾರಿಸಬೇಕೆಂದು ವಿನಂತಿಸುತ್ತೇವೆ.